ಮಶೀನು ದುಡ್ಡು ನುಂಗಿತು, ಈಗೇನು ಮಾಡಲಿ?

ಹಣ ಕಟ್ಟುವುದು, ತೆಗೆಯುವುದು, ಪಾಸ್‌ಬುಕ್ ಎಂಟ್ರಿ ಹಾಕಿಸುವುದು, ಈಗ ಎಲ್ಲಕ್ಕೂ ಬ್ಯಾಂಕಿನ ಬಾಗಿಲಲ್ಲೇ ಒಂದೊಂದು ಮಶೀನು. ಅದರ ಬಗ್ಗೆ ಮಂಡ್ಯ, ಮೈಸೂರು ಕಡೆಯ ಓದುಗರು ಕಳಿಸಿದ ಪ್ರಶ್ನೆಗಳಿಗೆ, ಬ್ಯಾಂಕೊಂದರ ಎಟಿಎಂ ವಿಭಾಗದಲ್ಲಿ ದುಡಿದು ನಿವೃತ್ತರಾದ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನಗೆ ಬೆಲ್ಲದ ವ್ಯಾಪಾರ. ಶನಿವಾರ ಸಂಜೆ ನನ್ನ ಬ್ಯಾಂಕಿನ ಮಶೀನಿಗೆ 38,500 ರೂಪಾಯಿ ಹಾಕಿದೆ. ಎಣಿಸುವ ಸದ್ದು ಬಂತು, ಆಮೇಲೆ ಪರದೆ ಕಪ್ಪಾಯಿತು. ದುಡ್ಡೂ ವಾಪಸ್ ಬರಲಿಲ್ಲ, ಚೀಟಿಯೂ ಬರಲಿಲ್ಲ. ಸೋಮವಾರ ಹೋಗಿ ಕೇಳಿದರೆ ‘ಬರುತ್ತೆ ಬಿಡಿ’ ಅಂದರು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕಂತೆ, ಹೌದಾ ಸಾರ್?
– ವ್ಯಾಪಾರಿ, ಮಂಡ್ಯ

ಉತ್ತರ: ದುಡ್ಡು ಎಲ್ಲೂ ಹೋಗಿಲ್ಲ, ಆ ಪೆಟ್ಟಿಗೆಯೊಳಗೇ ಇದೆ. ಆದರೆ ಅದು ನಿಮ್ಮದು ಅಂತ ಬ್ಯಾಂಕಿನ ಕಂಪ್ಯೂಟರಿಗೆ ಇನ್ನೂ ಗೊತ್ತಾಗಿಲ್ಲ. ಇಲ್ಲಿ ಆಗಿರುವುದು ಅಷ್ಟೇ.

ನೀವು ಹಾಕಿದ ಕಟ್ಟನ್ನು ಮಶೀನು ಒಂದೊಂದೇ ನೋಟಾಗಿ ಎಳೆದುಕೊಳ್ಳುತ್ತದೆ. ಪ್ರತಿ ನೋಟಿನ ಚಿತ್ರ, ದಪ್ಪ, ಶಾಯಿ ಎಲ್ಲವನ್ನೂ ಸೆನ್ಸರುಗಳು ನೋಡುತ್ತವೆ. ಹರಿದದ್ದು, ಮಡಿಸಿದ್ದು, ಅನುಮಾನ ಬಂದದ್ದು ಪಕ್ಕಕ್ಕೆ. ಸರಿ ಇದ್ದದ್ದು ಮಾತ್ರ ಎಸ್ಕ್ರೋ ಅನ್ನುವ ಮಧ್ಯದ ಜಾಗದಲ್ಲಿ ಕಾಯುತ್ತದೆ. ‘500ರ 77 ನೋಟು, 38,500, ಸರಿ ತಾನೇ?’ ಅಂತ ಪರದೆ ಕೇಳುವುದು ಈ ಹೊತ್ತಿನಲ್ಲಿ. ನೀವು ಒಪ್ಪಿದ ಮೇಲೆ ನೋಟು ಕೆಳಗಿನ ಕ್ಯಾಸೆಟ್ಟಿಗೆ, ಅಂದರೆ ನೋಟು ತುಂಬುವ ಡಬ್ಬಿಗೆ, ಇಳಿಯುತ್ತದೆ, ನಿಮ್ಮ ಖಾತೆಗೆ ಜಮಾ ಸಂದೇಶ ಹೋಗುತ್ತದೆ. ಇವೆರಡರ ನಡುವೆ ಕರೆಂಟ್ ಹೋದರೆ, ನೆಟ್ ಕಡಿದರೆ, ನೋಟು ಸಿಕ್ಕಿಹಾಕಿಕೊಂಡರೆ ನಿಮ್ಮ ಕಥೆ ಆಗುತ್ತದೆ.

ಮುಂದೆ? ಆ ಪೆಟ್ಟಿಗೆ ತೆಗೆದು ಎಣಿಸುವ ದಿನ ನಗದು 38,500 ಜಾಸ್ತಿ ಬರುತ್ತದೆ. ಬ್ಯಾಂಕಿನವರು ಇದನ್ನು ‘ಎಕ್ಸೆಸ್’ ಅನ್ನುತ್ತಾರೆ. ಅದನ್ನು ಬೇರೆ ಲೆಕ್ಕದಲ್ಲಿ ಇಟ್ಟು, ಇಜೆ ಜೊತೆ ತಾಳೆ ನೋಡುತ್ತಾರೆ. ಇಜೆ ಅಂದರೆ ಎಲೆಕ್ಟ್ರಾನಿಕ್ ಜರ್ನಲ್, ಮಶೀನು ತಾನು ಮಾಡಿದ ಪ್ರತಿ ಕೆಲಸವನ್ನೂ ಗಂಟೆ ನಿಮಿಷದ ಸಮೇತ ಬರೆದಿಡುವ ದಿನಚರಿ. ಅಲ್ಲಿ ನಿಮ್ಮ 77 ನೋಟು, ನಿಮ್ಮ ಖಾತೆ ಸಂಖ್ಯೆ ಎರಡೂ ಕಂಡರೆ ಕೆಲಸ ಮುಗಿದ ಹಾಗೆ. ಅದೇ ದಿನ ಇನ್ನೊಬ್ಬರ ದುಡ್ಡೂ ಸಿಕ್ಕಿಕೊಂಡಿದ್ದರೆ ಯಾರದ್ದು ಎಷ್ಟು ಅಂತ ಬಿಡಿಸುವುದೂ ಈ ದಿನಚರಿಯಿಂದಲೇ.

ಹಾಗಾಗಿ ‘ಬರುತ್ತೆ ಬಿಡಿ’ ಅನ್ನುವ ಮಾತು ಸುಳ್ಳಲ್ಲ. ಆದರೆ ಆ ಮಾತು ಕೇಳಿಕೊಂಡು ಮನೆಗೆ ಬರಬೇಡಿ. ದೂರು ದಾಖಲಾಗದೆ ಇದ್ದರೆ ತಾಳೆ ನೋಡುವವರಿಗೆ ನಿಮ್ಮ ಹಣ ಯಾರದೋ ಎಕ್ಸೆಸ್ ಅಷ್ಟೇ. ಬರಹದಲ್ಲಿ ದೂರು ಕೊಟ್ಟು ದೂರಿನ ನಂಬರ್ ಇಸ್ಕೊಳ್ಳಿ. ದಿನ, ಹೆಚ್ಚುಕಮ್ಮಿ ಗಂಟೆ, ಎಷ್ಟು ನೋಟು, ಮಶೀನಿನ ಮೇಲೆ ಬರೆದಿರುವ ಐಡಿ ಇಷ್ಟನ್ನೂ ಅದರಲ್ಲಿ ಹಾಕಿ. 30 ದಿನದಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸರಿ ಇಲ್ಲ ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಇನ್ನು ಆ 100 ರೂಪಾಯಿ. ಅದು 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಆದೇಶ. ಎಟಿಎಂನಲ್ಲಿ ಹಣ ತೆಗೆಯುವಾಗ ಖಾತೆಯಲ್ಲಿ ಕಡಿತವಾಗಿ ನೋಟು ಬರದಿದ್ದರೆ, 5 ದಿನದೊಳಗೆ ಬ್ಯಾಂಕ್ ತಾನಾಗಿಯೇ ವಾಪಸ್ ಹಾಕಬೇಕು. ತಪ್ಪಿದರೆ ದಿನಕ್ಕೆ 100, ನೀವು ಕೇಳದಿದ್ದರೂ ಕೊಡಬೇಕು. ಆದರೆ ಆ ಆದೇಶದ ಪಟ್ಟಿಯಲ್ಲಿ ಹಣ ತೆಗೆಯುವುದು ಇದೆ, ಮಶೀನಿಗೆ ಹಣ ಕಟ್ಟುವುದು ಇಲ್ಲ. ಜನ ದುಡ್ಡು ಕಟ್ಟುವ ಮಶೀನುಗಳು ಇಷ್ಟೊಂದು ಬಂದ ಮೇಲೂ ಅದನ್ನು ಸೇರಿಸದೆ ಇರುವುದು ನನ್ನ ಪ್ರಕಾರ ಸರಿ ಅಲ್ಲ.

ಒಂದು ಕಿವಿಮಾತು. ಬೆಲ್ಲದ ಅಂಗಡಿಯ ನೋಟು ಅಂಟಿಕೊಂಡಿರುತ್ತದೆ. ಎರಡು ನೋಟು ಒಟ್ಟಿಗೆ ಹೋದರೆ ದಪ್ಪ ನೋಡುವ ಸೆನ್ಸರ್ ಅಲ್ಲೇ ತಡೆಯುತ್ತದೆ, ಅಂಟು ರೋಲರಿಗೆ ಮೆತ್ತಿದರೆ ಜಾಮ್. ರಬ್ಬರ್ ಬ್ಯಾಂಡ್, ಪಿನ್ನು ತೆಗೆದು, ಕಟ್ಟನ್ನು ಒಮ್ಮೆ ಬೀಸಿ ಬಿಡಿಸಿ ಹಾಕಿ. ಮತ್ತೆ ದೊಡ್ಡ ಮೊತ್ತ ಕಟ್ಟುವಾಗ ಪ್ಯಾನ್ ಬೇಕಾಗಬಹುದು, ಅದನ್ನು ಖಾತೆಗೆ ಮೊದಲೇ ಜೋಡಿಸಿಟ್ಟುಕೊಳ್ಳಿ.

ಪ್ರಶ್ನೆ: ಗೃಹಲಕ್ಷ್ಮಿ ದುಡ್ಡು ತೆಗೆಯಲು ಬ್ಯಾಂಕಿಗೆ ಹೋದರೆ ‘ಮಶೀನಲ್ಲಿ ತಗೊಳ್ಳಮ್ಮ’ ಅಂತಾರೆ. ನನಗೆ ಅದು ಬರಲ್ಲ. ಅಲ್ಲಿ ನಿಂತವರ ಕೈಗೆ ಕಾರ್ಡ್ ಕೊಟ್ಟು ನಂಬರ್ ಹೇಳ್ತೀನಿ, ತೆಗೆದುಕೊಡ್ತಾರೆ. ಇದು ತಪ್ಪಾ? ನಮ್ಮತ್ತೆಗೆ 74 ವರ್ಷ, ಅವರಿಗೂ ಹೀಗೇ ಮಾಡ್ತೀನಿ.
– ಗೃಹಿಣಿ, ತಿ. ನರಸೀಪುರ

ಉತ್ತರ: ಇವತ್ತೇ ನಿಲ್ಲಿಸಿಬಿಡಿ ತಾಯಿ. ಸಹಾಯ ಮಾಡುವ ನೆಪದಲ್ಲಿ ಕಾರ್ಡ್ ಬದಲಾಯಿಸುವುದು ಹಳೆಯ ಕಸುಬು. ನಿಮ್ಮ ಎರಡು ಸಾವಿರ ತೆಗೆದು ನಿಮ್ಮ ಕೈಗೇ ಕೊಡುತ್ತಾನೆ, ಜೊತೆಗೆ ಅದೇ ಬಣ್ಣದ ಬೇರೆ ಕಾರ್ಡನ್ನೂ ಕೊಡುತ್ತಾನೆ. ಜನಧನ್ ಖಾತೆಯ ಎಷ್ಟೋ ಕಾರ್ಡುಗಳ ಮೇಲೆ ಹೆಸರೇ ಇರುವುದಿಲ್ಲ, ಹಾಗಾಗಿ ಮನೆಗೆ ಬಂದರೂ ಗೊತ್ತಾಗಲ್ಲ. ನಿಮ್ಮ ಕಾರ್ಡಿನ ಹಿಂದೆ ಒಂದು ಸಣ್ಣ ಸ್ಟಿಕ್ಕರ್ ಅಂಟಿಸಿ. ಪಿನ್ ನೀವಾಗಿಯೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಿಮ್ಮದೇ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅನುಮಾನ ಬಂದ ಕ್ಷಣ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಶೀನೇ ಬಳಸಬೇಕು ಅನ್ನುವ ಕಾನೂನು ಇಲ್ಲ. ಪಾಸ್‌ಬುಕ್ ತೋರಿಸಿ, ವಿತ್‌ಡ್ರಾವಲ್ ಫಾರಂ ತುಂಬಿ ಕೌಂಟರಿನಲ್ಲಿ ಕೇಳಿ. ಅತ್ತೆಯವರ ವಿಷಯದಲ್ಲಂತೂ ಧೈರ್ಯವಾಗಿ ಕೇಳಿ. ಹಿರಿಯರಿಗೆ ಪ್ರತ್ಯೇಕ ಕೌಂಟರ್ ಇರಬೇಕು, 70 ದಾಟಿದವರಿಗೆ ಮನೆಗೇ ಬಂದು ನಗದು ಕೊಡುವ ಸೇವೆ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ.

ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಬ್ಯಾಂಕ್ ಮಿತ್ರರ ಹತ್ತಿರ ಹೆಬ್ಬೆಟ್ಟು ಒತ್ತಿಯೂ ತೆಗೆಯಬಹುದು. ಒತ್ತಿಸಿಕೊಂಡು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದರೆ ಮಾತ್ರ ಸುಮ್ನೆ ಎದ್ದು ಬರಬೇಡಿ. ಆಗದ ವ್ಯವಹಾರಕ್ಕೂ ಚೀಟಿ ಬರುತ್ತದೆ, ಅದನ್ನು ಕೇಳಿ ತಗೊಳ್ಳಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಯುಪಿಐ ಬಂದ ಮೇಲೆ ಎಟಿಎಂ ಕಥೆ ಮುಗೀತು ಅಂತ ಕೆಲವರು, ಬ್ಯಾಂಕಿನ ಮಶೀನು ಜಾಸ್ತಿ ಆಗ್ತಿವೆ ಅಂತ ಕೆಲವರು. ಈ ಸಾಫ್ಟ್‌ವೇರ್ ಕಲಿತರೆ ಕೆಲಸ ಇದೆಯಾ?
– ವಿದ್ಯಾರ್ಥಿ, ಮೈಸೂರು

ಉತ್ತರ: ಇಬ್ಬರು ಹೇಳುವುದರಲ್ಲೂ ಸ್ವಲ್ಪ ನಿಜ ಇದೆ. ದೇಶದಲ್ಲಿ ಎಟಿಎಂಗಳ ಒಟ್ಟು ಸಂಖ್ಯೆ ಎರಡೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಬದಲಾಗುತ್ತಿರುವುದು ಒಳಗಿನ ಸರಕು. ಬರೀ ಹಣ ಕೊಡುವ ಹಳೆಯ ಪೆಟ್ಟಿಗೆ ತೆಗೆದು, ಕಟ್ಟಿಸಿಕೊಂಡ ನೋಟನ್ನೇ ಇನ್ನೊಬ್ಬರಿಗೆ ಕೊಡುವ ರಿಸೈಕ್ಲರ್ ಇಡುತ್ತಿದ್ದಾರೆ. ಬೆಳಿಗ್ಗೆ ವ್ಯಾಪಾರಿ ಕಟ್ಟಿದ್ದು ಸಂಜೆ ಸಂಬಳದವನಿಗೆ ಹೋದರೆ, ನಗದು ತುಂಬುವ ವ್ಯಾನು ಅಷ್ಟು ಸಲ ಬರಬೇಕಾಗಿಲ್ಲ.

ಪೆಟ್ಟಿಗೆಯೊಳಗೆ ಇರುವುದು ಸಾಮಾನ್ಯ ಕಂಪ್ಯೂಟರ್, ಬಹುಮಟ್ಟಿಗೆ ವಿಂಡೋಸ್. ವಿಂಡೋಸ್‌ನ ಹಳೆಯ ಆವೃತ್ತಿ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲಿನಲ್ಲೇ ಬೆಂಬಲ ನಿಲ್ಲಿಸಿದರೂ ನಮ್ಮ ಬ್ಯಾಂಕುಗಳು ಅದನ್ನೇ ತಳ್ಳಿಕೊಂಡು ಹೋಗುತ್ತಿದ್ದವು. ಕೊನೆಗೆ 2018ರಲ್ಲಿ ರಿಸರ್ವ್ ಬ್ಯಾಂಕ್ ಗಡುವು ಹಾಕಬೇಕಾಯಿತು. ವಿಂಡೋಸ್ ಮೇಲೆ ಎಕ್ಸ್‌ಎಫ್‌ಎಸ್ ಅನ್ನುವ ಪದರ ಇದೆ. ಅದು ಇರುವುದರಿಂದ ಎನ್‌ಸಿಆರ್, ಹಿಟಾಚಿ ಹೀಗೆ ಯಾರ ಮಶೀನಾದರೂ ಒಂದೇ ಸಾಫ್ಟ್‌ವೇರ್ ಓಡಿಸಬಹುದು. ಅಲ್ಲಿಂದ ಸಂದೇಶ ಬ್ಯಾಂಕಿನ ಸ್ವಿಚ್ಚಿಗೆ, ಅಂದರೆ ಸಂದೇಶಗಳನ್ನು ಸರಿಯಾದ ಕಡೆಗೆ ಕಳಿಸುವ ಕಂಪ್ಯೂಟರಿಗೆ, ಹೋಗುತ್ತದೆ. ಬೇರೆ ಬ್ಯಾಂಕಿನ ಕಾರ್ಡಾದರೆ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐನದೇ ನ್ಯಾಷನಲ್ ಫೈನಾನ್ಶಿಯಲ್ ಸ್ವಿಚ್ ದಾಟಿ ಆ ಬ್ಯಾಂಕಿಗೆ. ಈ ಸಂದೇಶಗಳ ವ್ಯಾಕರಣ ಐಎಸ್‌ಓ 8583. ಅದನ್ನು ಓದಲು ಬರುವ ಹುಡುಗರು ಕಮ್ಮಿ.

ಇನ್ನೊಂದು ಕೆಲಸ, ಯಾವ ಮಶೀನಿಗೆ ಎಷ್ಟು ತುಂಬಬೇಕು ಅಂತ ಮೊದಲೇ ಲೆಕ್ಕ ಹಾಕುವುದು. ತಿಂಗಳಲ್ಲಿ 10 ಗಂಟೆಗಿಂತ ಜಾಸ್ತಿ ನಗದು ಖಾಲಿ ಇದ್ದ ಒಂದೊಂದು ಎಟಿಎಂಗೆ 10,000 ರೂಪಾಯಿ ದಂಡ ಅಂತ 2021ರ ಅಕ್ಟೋಬರಿನಿಂದ ಇದೆ. ದಸರಾ ವಾರದಲ್ಲಿ ಅರಮನೆ ಸುತ್ತಮುತ್ತಲಿನ ಮಶೀನಿಗೆ ಎಷ್ಟು, ಹೆಬ್ಬಾಳದ ಕಾರ್ಖಾನೆಗಳ ಹತ್ತಿರದ್ದಕ್ಕೆ ಸಂಬಳದ ದಿನ ಎಷ್ಟು? ಅಂದಾಜಿನಲ್ಲಿ ತುಂಬುವ ಕಾಲ ಹೋಯಿತು.

ನನ್ನನ್ನು ಕೇಳಿದರೆ ತಾಳೆ ನೋಡುವ ಸಾಫ್ಟ್‌ವೇರ್ ಕಲಿಯಿರಿ, ರಿಕನ್ಸಿಲಿಯೇಶನ್. ಮೇಲೆ ಬೆಲ್ಲದ ವ್ಯಾಪಾರಿಯ 77 ನೋಟು ಹುಡುಕಿದೆವಲ್ಲ, ಅದೇ ಕೆಲಸ. ಇಜೆ, ಸ್ವಿಚ್, ಖಾತೆಗಳ ಲೆಕ್ಕ ಇಡುವ ಕೋರ್ ಬ್ಯಾಂಕಿಂಗ್, ಪೆಟ್ಟಿಗೆಯಲ್ಲಿ ಎಣಿಸಿದ ನಗದು, ಈ ನಾಲ್ಕೂ ಒಂದೇ ಮಾತು ಹೇಳುತ್ತಿವೆಯೇ ಅಂತ ನೋಡುವುದು. ಎಸ್‌ಕ್ಯೂಎಲ್ ಗಟ್ಟಿ ಇರಲಿ. ಪರದೆ ಚೆನ್ನಾಗಿ ಕಾಣಿಸುವ ಕೆಲಸಕ್ಕೆ ಎಲ್ಲರೂ ಮುಗಿಬೀಳುತ್ತಾರೆ, ಈ ಕಡೆ ಬರುವವರು ಕಡಿಮೆ.

ಪ್ರಶ್ನೆ: ನಮ್ಮೂರ ಎಟಿಎಂನಲ್ಲಿ ಬರೀ 500ರ ನೋಟು. ಹಾಲಿನವನಿಗೆ ಚಿಲ್ಲರೆ ಎಲ್ಲಿಂದ ತರೋದು?
– ಓದುಗರು, ನಂಜನಗೂಡು

ಉತ್ತರ: ನೋಟು ಅಚ್ಚಾಗುವ ಮೈಸೂರಿನ ಪಕ್ಕದಲ್ಲೇ ಇದ್ದೂ ಈ ಪಾಡು, ಅಲ್ವಾ! 2025ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸೂಚನೆ ಕೊಟ್ಟಿತು. ಕನಿಷ್ಠ ಒಂದು ಕ್ಯಾಸೆಟ್ಟಿನಿಂದ 100 ಅಥವಾ 200ರ ನೋಟು ಬರಬೇಕು, ಅಂಥ ಎಟಿಎಂಗಳು ಆ ಸೆಪ್ಟೆಂಬರ್ ಕೊನೆಗೆ ನೂರಕ್ಕೆ 75, 2026ರ ಮಾರ್ಚ್ ಕೊನೆಗೆ ನೂರಕ್ಕೆ 90 ಇರಬೇಕು ಅಂತ. ನಿಮ್ಮೂರಿನದ್ದು ಉಳಿದ ಹತ್ತರಲ್ಲಿ ಸೇರಿದೆಯಾ ಅಂತ ಶಾಖೆಯಲ್ಲಿ ಬರೆದು ಕೇಳಿ. ಅಲ್ಲಿಯವರೆಗೆ 500 ಬದಲು 400 ಅಂತ ಒತ್ತಿ ನೋಡಿ. ಸಣ್ಣ ನೋಟು ಇದ್ದರೆ ಬಂದೇ ಬರುತ್ತದೆ.

ಪ್ರಶ್ನೆ: ಕಾರ್ಡ್ ಇಲ್ಲದೆ ಫೋನಿನಿಂದ ಹಣ ತೆಗೆಯಬಹುದಂತೆ. ಚಾರ್ಜ್ ಹಾಕ್ತಾರಾ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ತೆಗೆಯಬಹುದು. ಪರದೆಯಲ್ಲಿ ಯುಪಿಐ ನಗದು ಅನ್ನುವ ಆಯ್ಕೆ ಇದ್ದರೆ ಮೊತ್ತ ಹಾಕಿ, ಮೂಡುವ ಕ್ಯೂಆರ್ ಸ್ಕ್ಯಾನ್ ಮಾಡಿ, ಫೋನಿನಲ್ಲೇ ಯುಪಿಐ ಪಿನ್ ಒತ್ತಿ. ಆ ಕ್ಯೂಆರ್ ಪ್ರತಿ ಸಲ ಹೊಸದು. ಗೋಡೆಗೆ ಅಂಟಿಸಿದ ಕ್ಯೂಆರ್ ಯಾವುದನ್ನೂ ಮುಟ್ಟಬೇಡಿ. ಯುಪಿಐ ಮೂಲಕ ಹಣ ಕಟ್ಟುವ ಸೌಲಭ್ಯವೂ 2024ರ ಆಗಸ್ಟಿನಲ್ಲಿ ಶುರುವಾಗಿದೆ, ಆದರೆ ಎಲ್ಲ ಮಶೀನಿನಲ್ಲೂ ಸಿಗುವುದಿಲ್ಲ.

ಚಾರ್ಜು ಕಾರ್ಡಿನ ಹಾಗೆಯೇ. ನಿಮ್ಮ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ 5 ಸಲ ಉಚಿತ. ಬೇರೆ ಬ್ಯಾಂಕಿನದ್ದಾದರೆ ಮೈಸೂರಿನಲ್ಲಿ 5, ಬೆಂಗಳೂರಿನಲ್ಲಿ 3. ದಾಟಿದರೆ ಸಲಕ್ಕೆ ಹೆಚ್ಚೆಂದರೆ 23 ರೂಪಾಯಿ, ಮೇಲೆ ತೆರಿಗೆ. ಬ್ಯಾಲೆನ್ಸ್ ನೋಡಿದರೂ ಒಂದು ಸಲ ಅಂತಲೇ ಲೆಕ್ಕ. ಅದನ್ನು ಫೋನಿನಲ್ಲೇ ನೋಡಿಕೊಳ್ಳಿ.