ಪಿತ್ತಕೋಶದ ಆಪರೇಷನ್ ಅಂತ ಹೇಳಿ ತೂಕದ ಸರ್ಜರಿ ಮಾಡಿಸಿಕೊಳ್ಳಲೇ?

ಪ್ರಶ್ನೆ: ನನಗೆ 37 ವರ್ಷ. ದಾವಣಗೆರೆಯಲ್ಲಿ ಖಾಸಗಿ ಶಾಲೆಯ ಶಿಕ್ಷಕಿ. ಎತ್ತರ 158 ಸೆಂ.ಮೀ., ತೂಕ 108 ಕೆ.ಜಿ. ಐದು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಪಾಗ್ಲಿಫ್ಲೋಜಿನ್ ಮೂರನ್ನೂ ತೆಗೆದುಕೊಂಡರೂ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.9. ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ತೀವ್ರವಾಗಿದೆ ಎಂದು ಸ್ಲೀಪ್ ಸ್ಟಡಿಯಲ್ಲಿ ಬಂದಿದೆ. ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ. ಡಯಟ್ ಮಾಡಿ 9 ಕೆ.ಜಿ. ಇಳಿಸಿದೆ, ಆಮೇಲೆ 12 ಏರಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಲೀವ್ ಸರ್ಜರಿ (ಜಠರದ ಬಹುಪಾಲು ಕತ್ತರಿಸಿ ತೆಗೆಯುವುದು) ಮಾಡೋಣ ಅಂದಿದ್ದಾರೆ, ಗಂಡನೂ ಒಪ್ಪಿದ್ದಾರೆ. ಆದರೆ ನೆಂಟರೊಬ್ಬರು ಇದೇ ಆಪರೇಷನ್ ಮಾಡಿಸಿಕೊಂಡಾಗ ಅತ್ತೆ, ‘ಬಾಯಿ ಕಟ್ಟೋಕಾಗದೆ ಹೊಟ್ಟೆ ಕೊಯ್ಸಿಕೊಂಡ್ಳು’ ಅಂದಿದ್ದರು. ಹಾಗಾಗಿ ಅವರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಅಂತ ಹೇಳಿ, ಡಿಸೆಂಬರಿನಲ್ಲಿ ನಾದಿನಿಯ ಮದುವೆಗೆ ಮುಂಚೆ, ಈ ಎರಡು ತಿಂಗಳೊಳಗೆ ಮುಗಿಸೋಣ ಎಂದುಕೊಂಡಿದ್ದೇವೆ. ಇನ್ನೊಂದು ಮಗುವಿನ ಆಸೆಯೂ ಇದೆ. ಮಾಡಿಸಿಕೊಳ್ಳಲೇ, ಬೇಡವೇ?

ಉತ್ತರ: ಮಾಡಿಸಿಕೊಳ್ಳಿ. ಆದರೆ ಮದುವೆಗೆ ಮುಂಚೆ ಬೇಡ, ಸುಳ್ಳು ಹೇಳಿ ಬೇಡ. ಎಂಡೋಸ್ಕೋಪಿ ಆಗುವ ತನಕ ಸ್ಲೀವ್ ಎಂದು ನಿರ್ಧರಿಸುವುದೂ ಬೇಡ.

ಮೊದಲು ಆ ‘ಬಾಯಿ ಕಟ್ಟೋಕಾಗದೆ’ ಎಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ತೂಕ ಇಳಿದಾಗ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಏರುತ್ತದೆ, ಸಾಕು ಎನಿಸುವ ಲೆಪ್ಟಿನ್ ಇಳಿಯುತ್ತದೆ, ಸುಮ್ಮನೆ ಕೂತಾಗ ದೇಹ ಸುಡುವ ಕ್ಯಾಲೊರಿಯೂ ಕಡಿಮೆಯಾಗುತ್ತದೆ. ನಿಮ್ಮ 9 ಕೆ.ಜಿ. ವಾಪಸು ಬಂದದ್ದು ಹೀಗೆ. ಅದು ನಿಮ್ಮ ಸೋಮಾರಿತನವಲ್ಲ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, 43. ಅಂತರರಾಷ್ಟ್ರೀಯ ಸರ್ಜನ್ ಸಂಘಟನೆಗಳು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಬಿಎಂಐ 35 ದಾಟಿದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಸರ್ಜರಿ ಸೂಚಿಸಬಹುದು. ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು. ಹತೋಟಿಗೆ ಬಾರದ ಶುಗರ್, ನಿದ್ದೆಯಲ್ಲಿ ಉಸಿರು ನಿಲ್ಲುವುದು ಎರಡೂ ಸೇರಿರುವ ನಿಮಗೆ ಸರ್ಜರಿ ಅತಿಯಾದ ಕ್ರಮವೇನಲ್ಲ. ಅನುಭವಿ ತಂಡದ ಕೈಯಲ್ಲಿ ಪ್ರಾಣಾಪಾಯ ಸುಮಾರು ಸಾವಿರಕ್ಕೊಂದು. ಸೊನ್ನೆ ಅಲ್ಲ, ಆದರೆ ಶುಗರನ್ನು ಹೀಗೇ ಇನ್ನು ಹದಿನೈದು ವರ್ಷ ಬಿಟ್ಟರೆ ಕಣ್ಣು, ಕಿಡ್ನಿ, ಹೃದಯಕ್ಕೆ ಆಗುವ ಹಾನಿಯ ಮುಂದೆ ಅದು ಚಿಕ್ಕದು.

ಎಷ್ಟು ಇಳಿಯುತ್ತದೆ ಎಂಬುದರ ಬಗ್ಗೆ ಭ್ರಮೆ ಬೇಡ. ಒಟ್ಟು ತೂಕದ ಶೇ 25ರಿಂದ 30, ಅಂದರೆ ನಿಮ್ಮ ಲೆಕ್ಕದಲ್ಲಿ 27ರಿಂದ 32 ಕೆ.ಜಿ. ಒಂದು, ಒಂದೂವರೆ ವರ್ಷದಲ್ಲಿ 80 ಕೆ.ಜಿ. ಆಸುಪಾಸಿಗೆ ಬರುತ್ತೀರಿ. ತೆಳ್ಳಗಾಗುವುದಿಲ್ಲ, ಚರ್ಮ ಜೋತು ಬೀಳುತ್ತದೆ, ಆದರೆ ಮಾತ್ರೆಗಳು ಕಡಿಮೆಯಾಗುತ್ತವೆ, ನಿದ್ದೆ ಬರುತ್ತದೆ.

ತೂಕ ಇಳಿಸುವ ಇಂಜೆಕ್ಷನ್ ಸಾಕಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸೆಮಾಗ್ಲುಟೈಡ್‌ನಿಂದ ದೊಡ್ಡ ಅಧ್ಯಯನಗಳಲ್ಲಿ ಸರಾಸರಿ ಶೇ 15, ಟಿರ್ಜೆಪಟೈಡ್‌ನ ಗರಿಷ್ಠ ಡೋಸ್‌ನಲ್ಲಿ ಶೇ 20ರಷ್ಟು ಇಳಿದಿದೆ. ಒಳ್ಳೆಯ ಔಷಧಗಳೇ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ವಾಪಸು ಬಂತು. ಗರ್ಭ ಧರಿಸಬೇಕೆಂದರೆ ಅದನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಮಗು ಬೇಕೆನ್ನುವ ನಿಮಗೆ ಅದೊಂದೇ ದಾರಿಯಾಗಬಾರದು. ಸರ್ಜರಿಗೆ ಮೊದಲು ಶುಗರ್, ತೂಕ ತಗ್ಗಿಸಿಕೊಳ್ಳಲು ಕೆಲವು ತಿಂಗಳು ಬಳಸಬಹುದು.

ಈಗ ಮುಖ್ಯ ವಿಷಯ, ಯಾವ ಆಪರೇಷನ್. ಸ್ಲೀವ್‌ನಲ್ಲಿ ಹೊಟ್ಟೆಯೊಳಗೆ ಬೆರಳು ದಪ್ಪದ ಒಂದು ನಳಿಕೆ ಇಳಿಸಿ, ಅದರ ಪಕ್ಕಕ್ಕೇ ಸ್ಟೇಪ್ಲರ್ ಹಾಕುತ್ತಾ ಮೇಲೆ ಹೋಗಿ, ಜಠರದ ಸುಮಾರು ಮುಕ್ಕಾಲು ಪಾಲನ್ನು ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂಥ ಸಣ್ಣ ಕೊಳವೆ, ಹಿಡಿಯುವುದು 100ರಿಂದ 150 ಮಿ.ಲೀ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು. ಆ ಕೊಳವೆಯೊಳಗೆ ಒತ್ತಡ ಹೆಚ್ಚು, ಹಾಗಾಗಿ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಈಗಲೇ ಹುಳಿನೀರು ಗಂಟಲಿಗೆ ಬರುತ್ತಿದೆ ಎನ್ನುತ್ತೀರಿ. ಎಂಡೋಸ್ಕೋಪಿಯಲ್ಲಿ ಅನ್ನನಾಳದಲ್ಲಿ ಹುಣ್ಣು, ವಪೆ (ಎದೆ, ಹೊಟ್ಟೆಯ ನಡುವಿನ ಪರದೆ) ಬಳಿ ಹರ್ನಿಯಾ ಕಂಡರೆ ನಿಮಗೆ ಸ್ಲೀವ್‌ಗಿಂತ ಬೈಪಾಸ್ ಸರಿ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ 30 ಮಿ.ಲೀ. ಚೀಲ ಮಾಡಿ ಸಣ್ಣಕರುಳನ್ನು ಅದಕ್ಕೆ ಜೋಡಿಸುತ್ತಾರೆ. ಹುಳಿ ಮೇಲೆ ಬರುವುದು ನಿಲ್ಲುತ್ತದೆ, ಶುಗರ್ ಮೇಲೂ ಪರಿಣಾಮ ತುಸು ಜಾಸ್ತಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ನಡೆಸಿದ ಸ್ಟ್ಯಾಂಪೀಡ್ ಅಧ್ಯಯನದಲ್ಲಿ 5 ವರ್ಷದ ನಂತರ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸ್‌ ಗುಂಪಿನಲ್ಲಿ ಶೇ 29, ಸ್ಲೀವ್‌ನಲ್ಲಿ ಶೇ 23, ಔಷಧ ಮಾತ್ರ ತೆಗೆದುಕೊಂಡವರಲ್ಲಿ ಶೇ 5. ಬೈಪಾಸ್‌ನ ತೊಂದರೆ ಬೇರೆ: ಸಿಹಿ ತಿಂದರೆ ತಲೆಸುತ್ತು, ಬೆವರು, ಭೇದಿ, ಕಬ್ಬಿಣ, ಬಿ12 ಕೊರತೆ ಹೆಚ್ಚು. ಎಂಡೋಸ್ಕೋಪಿ ಮಾಡದೆಯೇ ಸ್ಲೀವ್ ಅಂದಿದ್ದರೆ ಇನ್ನೊಬ್ಬ ಸರ್ಜನ್ ಬಳಿ ಹೋಗಿ.

ಮದುವೆಯ ವಿಷಯ. ಎಚ್‌ಬಿಎ1ಸಿ 8ಕ್ಕಿಂತ ಕೆಳಗೆ ಬಂದರೆ ಗಾಯ ಚೆನ್ನಾಗಿ ಮಾಯುತ್ತದೆ. ನಿದ್ದೆಯಲ್ಲಿ ಉಸಿರುದಾರಿ ತೆರೆದಿಡಲು ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಕೆಲವು ವಾರ ಮಲಗಿದ್ದರೆ ಅನಸ್ತೇಷಿಯಾ ಸುರಕ್ಷಿತ. ಸರ್ಜರಿಗೆ ಎರಡು ವಾರ ಮೊದಲು ದ್ರವಾಹಾರ. ಕೊಬ್ಬು ತುಂಬಿ ಊದಿದ ಲಿವರ್ ಕುಗ್ಗದಿದ್ದರೆ ಸರ್ಜನ್‌ಗೆ ಜಠರವೇ ಸರಿಯಾಗಿ ಕಾಣದು. ಆ ಎರಡು ವಾರದಲ್ಲಿ ಗ್ಲಿಮೆಪಿರೈಡ್ ಡೋಸ್ ಇಳಿಸದಿದ್ದರೆ ಶುಗರ್ ಕುಸಿಯುತ್ತದೆ. ಡಪಾಗ್ಲಿಫ್ಲೋಜಿನ್ ಕನಿಷ್ಠ 3 ದಿನ ಮೊದಲು ನಿಲ್ಲಲೇಬೇಕು, ಇಲ್ಲವಾದರೆ ಶುಗರ್ ಹೆಚ್ಚದಿದ್ದರೂ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಆಗಬಹುದು. ದ್ರವಾಹಾರ ಶುರುವಾಗುವ ಮುಂಚೆಯೇ ಈ ಎರಡು ಮಾತ್ರೆಗಳ ಬಗ್ಗೆ ನಿಮ್ಮ ಶುಗರ್ ಡಾಕ್ಟರನ್ನು ಕೇಳಿ. ಆಪರೇಷನ್ ಆದ ಮೇಲೆ ಎರಡು ವಾರ ದ್ರವ, ಎರಡು ವಾರ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತನೆಯದು, ಮಾಮೂಲಿ ಊಟಕ್ಕೆ 6ರಿಂದ 8 ವಾರ. ಇದನ್ನೆಲ್ಲ ಮದುವೆ ಮನೆಯ ಓಡಾಟದ ಜೊತೆ ಎಳೆದುಕೊಂಡು ಹೋಗಲಾಗುವುದಿಲ್ಲ. ಬೇಸಿಗೆ ರಜೆ ಶುರುವಾದ ವಾರಕ್ಕೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಶುಗರ್, ಸಿಪ್ಯಾಪ್ ಎರಡೂ ಹಾದಿಗೆ ಬಂದಿರುತ್ತವೆ.

ಇನ್ನು ಸುಳ್ಳು. ಪಿತ್ತಕೋಶ ತೆಗೆಸಿಕೊಂಡವರು ವಾರದಲ್ಲಿ ಅನ್ನ ಸಾರು ಉಣ್ಣುತ್ತಾರೆ. ನೀವು ಎರಡನೇ ವಾರವೂ ತೆಳು ಮಜ್ಜಿಗೆ, ಬೇಳೆಕಟ್ಟು ಗುಟುಕರಿಸುತ್ತಾ ಕೂತಾಗ ಅಡುಗೆಮನೆಯಲ್ಲಿರುವವರಿಗೆ ಗೊತ್ತಾಗದೇ ಇರುತ್ತದೆಯೇ? ‘ಇಷ್ಟು ನಿಶ್ಶಕ್ತಿ ಆಗಿದೀಯ, ಒಂದು ತುತ್ತು ಮೊಸರನ್ನ ಉಣ್ಣು’ ಎಂದು ಅತ್ತೆ ಪ್ರೀತಿಯಿಂದಲೇ ಒತ್ತಾಯಿಸಿದರೂ ಅದು ನಿಮಗೆ ಅಪಾಯ. ಆ ಹಂತದಲ್ಲಿ ಗಟ್ಟಿ ಆಹಾರ ಹೊಲಿಗೆಯ ಜಾಗದ ಮೇಲೆ ಒತ್ತಡ ಹಾಕುತ್ತದೆ. ಸ್ಟೇಪಲ್ ಸಾಲಿನಲ್ಲಿ ಸೋರಿಕೆ ಆಗುವುದು ನೂರಕ್ಕೆ ಒಬ್ಬಿಬ್ಬರಿಗೆ, ಹೆಚ್ಚಾಗಿ ಮನೆಗೆ ಬಂದ ಮೇಲೆ. ನಾಡಿ ನಿಮಿಷಕ್ಕೆ 120 ದಾಟುವುದು, ಜ್ವರ, ಎಡಭುಜದಲ್ಲಿ ನೋವು, ಏದುಸಿರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಆ ಹೊತ್ತಿಗೆ ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರೆ?

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು. ಎರಡು ಮೂರು ವಾರ ಬಿಡದೆ ವಾಂತಿಯಾದರೆ ದೇಹದ ಬಿ1 ಖಾಲಿಯಾಗುತ್ತದೆ. ಆಗ ಹತ್ತಿರದ ಕ್ಲಿನಿಕ್‌ನಲ್ಲಿ ವಿಷಯ ತಿಳಿಯದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಮಿದುಳಿಗೇ ಏಟು ಬೀಳಬಹುದು: ಕಣ್ಣಿಗೆ ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಗೊಂದಲ. ಗ್ಲೂಕೋಸ್‌ಗೆ ಮೊದಲು ಥಯಮಿನ್ (ಬಿ1) ಇಂಜೆಕ್ಷನ್ ಕೊಡಬೇಕು. ಹಾಗೆಯೇ ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೊಟ್ಟರೆ, ಅದರಲ್ಲೂ ಬೈಪಾಸ್ ಆದವರಿಗೆ, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಇದನ್ನೆಲ್ಲ ಡಾಕ್ಟರಿಗೆ ಹೇಳಬೇಕಾದವರು ಮನೆಯವರೇ. ಊರಿಗೆಲ್ಲ ಹೇಳಬೇಕಿಲ್ಲ, ಶಾಲೆಯವರಿಗೂ ಬೇಕಿಲ್ಲ. ಅತ್ತೆಗೆ ಮಾತ್ರ ಹೇಳಿ, ಅದನ್ನೂ ನಿಮ್ಮ ಯಜಮಾನರೇ ಹೇಳಲಿ: ‘ಅಮ್ಮ, ಇವಳಿಗೆ ಶುಗರ್ ಮಾತ್ರೆಗೆ ಬಗ್ಗುತ್ತಿಲ್ಲ, ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದೆ. ಅದಕ್ಕೆ ಹೊಟ್ಟೆಯ ಆಪರೇಷನ್ ಬೇಕಂತೆ.’ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವರನ್ನು ಒಮ್ಮೆ ಡಯಟಿಷಿಯನ್ ಬಳಿಗೂ ಕರೆದೊಯ್ಯಿರಿ, ಏಕೆಂದರೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ನಿಮ್ಮ ಹೊಟ್ಟೆ ಸೇರುವುದು ಅವರ ಕೈಯಲ್ಲಿ. ಅರ್ಧ ಲೀಟರ್ ಹಾಲಿಗೆ 16 ಗ್ರಾಂ, 100 ಗ್ರಾಂ ಪನೀರಿಗೆ 18, ಗಟ್ಟಿ ಬೇಳೆ ಒಂದು ಬಟ್ಟಲಿಗೆ 7, ಮೊಟ್ಟೆಗೆ 6. ಮೊದಲ ತಿಂಗಳುಗಳಲ್ಲಿ ಅಷ್ಟೂ ಹಿಡಿಸುವುದಿಲ್ಲ, ವೇ ಪ್ರೋಟೀನ್ ಪುಡಿ ಬೇಕೇ ಬೇಕು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ರಾಗಿ ಅಂಬಲಿ ನಡೆಯುತ್ತದೆ. ಅಗಿಯದೆ ನುಂಗುವ ಮುದ್ದೆ ಸಿಕ್ಕಿಕೊಳ್ಳುತ್ತದೆ.

ಮಾತ್ರೆಗಳಂತೂ ಜೀವನಪರ್ಯಂತ: ಮಲ್ಟಿವಿಟಮಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ ಸಿಟ್ರೇಟ್ 1200ರಿಂದ 1500 ಮಿ.ಗ್ರಾಂ, ಮುಟ್ಟಾಗುವವರಿಗೆ ಕಬ್ಬಿಣ 45ರಿಂದ 60 ಮಿ.ಗ್ರಾಂ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರುತ್ತದೆ, ಹೆದರಬೇಡಿ, ಬರುತ್ತದೆ. ಆದರೆ ಈ ಮಾತ್ರೆಗಳನ್ನು, ವರ್ಷಕ್ಕೊಮ್ಮೆ ರಕ್ತಪರೀಕ್ಷೆಯನ್ನು ಕೊನೆತನಕ ಮಾಡಲಾರೆ ಎಂದು ನಿಮಗೆ ಈಗಲೇ ಅನಿಸಿದರೆ, ಆಪರೇಷನ್ ಬೇಡ ಎನ್ನಲು ಅದೊಂದೇ ಕಾರಣ ಸಾಕು. ಅತ್ತೆಯ ಮಾತು ಕಾರಣವಾಗದಿರಲಿ.

ಮಗುವಿನ ವಿಷಯದಲ್ಲಿ ವಯಸ್ಸು ಓಡುತ್ತಿದೆ ಎಂಬ ಆತಂಕ ನಿಜವಾದದ್ದು. ಆದರೂ ಸರ್ಜರಿಯೇ ಮೊದಲು ಎನ್ನುತ್ತೇವೆ. ಎಚ್‌ಬಿಎ1ಸಿ 8.9 ಇರುವಾಗ ಗರ್ಭ ನಿಂತರೆ ಮಗುವಿನ ಹೃದಯ, ಬೆನ್ನುಹುರಿಯ ದೋಷದ ಸಂಭವ ಹೆಚ್ಚು, 6.5ರೊಳಗೆ ಇರಬೇಕು. ಸರ್ಜರಿ ನಂತರ 12ರಿಂದ 18 ತಿಂಗಳು ಕಾಯಬೇಕು. ತೂಕ ಇಳಿದಂತೆ ಗರ್ಭ ಬೇಗ ನಿಲ್ಲುತ್ತದೆ, ಬೈಪಾಸ್ ಆದ ಮೇಲೆ ಗರ್ಭನಿರೋಧಕ ಮಾತ್ರೆಯನ್ನು ನಂಬುವಂತಿಲ್ಲ, ಕಾಪರ್-ಟಿ ಹಾಕಿಸಿಕೊಳ್ಳಿ.

ವಿಮೆ ಇದ್ದರೆ ಪಾಲಿಸಿ ತೆಗೆದು ಓದಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಗದಿಪಡಿಸಿದ ಷರತ್ತಿನಂತೆ ಬಿಎಂಐ 40 ದಾಟಿದ್ದರೆ, ಅಥವಾ 35 ದಾಟಿದ್ದು ಹೃದ್ರೋಗ, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವುದು) ಇಲ್ಲವೇ ಹತೋಟಿಗೆ ಬಾರದ ಟೈಪ್ 2 ಡಯಾಬಿಟಿಸ್ ಇದ್ದರೆ ಸ್ಥೂಲಕಾಯದ ಸರ್ಜರಿ ಹೊರಗುಳಿಯುವುದಿಲ್ಲ. ಆದರೆ ಪಾಲಿಸಿ ಹೊಸದಾಗಿದ್ದರೆ ಮೊದಲಿನಿಂದ ಇದ್ದ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಅನುಮತಿಗೆ ಕಳಿಸುವ ಪತ್ರದಲ್ಲಿ ಡಾಕ್ಟರು ‘ತೂಕ ಇಳಿಸಲು’ ಎಂದಷ್ಟೇ ಬರೆದರೆ ತಿರಸ್ಕಾರವಾಗುವ ಸಂಭವವಿದೆ. ಎತ್ತರ, ತೂಕ, ಎಚ್‌ಬಿಎ1ಸಿ, ಸ್ಲೀಪ್ ಸ್ಟಡಿ ವರದಿ, ಡಯಟ್ ಮಾಡಿದ್ದರ ದಾಖಲೆ ಎಲ್ಲವೂ ಅದರಲ್ಲಿರಲಿ. ಡಯಟಿಷಿಯನ್ ಕೊಟ್ಟ ಹಳೆಯ ಚೀಟಿಗಳನ್ನು ಇಂದೇ ಹುಡುಕಿ ತೆಗೆದಿಡಿ.