ಹಠ ಬೇರೆ, ಛಲ ಬೇರೆ

ಪ್ರಶ್ನೆ: ಸರ್, ನಾನು ಹಾವೇರಿ ಕಡೆಯವನು, ಸೆಕೆಂಡ್ ಪಿಯುಸಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಸೇನಾಧಿಕಾರಿ ತರಬೇತಿಗೆ ಸೇರಲು ಬರೆಯುವ ಎನ್‌ಡಿಎ ಪರೀಕ್ಷೆಗೆ ದಿನಕ್ಕೆ 30 ಇಂಗ್ಲಿಷ್ ಪದ ಬಾಯಿಪಾಠ ಮಾಡ್ತೀನಿ. ವಾರದಲ್ಲಿ ಅರ್ಧ ಮರೆತಿರುತ್ತೆ. ನೆನಪಿದ್ದರೂ ಹಳೇ ಪ್ರಶ್ನೆಪತ್ರಿಕೆ ಬಿಡಿಸುವಾಗ ತಪ್ಪುತ್ತೆ. ಏನು ಮಾಡಲಿ?

ಉತ್ತರ: 30 ಜಾಸ್ತಿ ಆಯ್ತು, ಎಂಟು ಸಾಕು. ಆದರೆ ಮರೆವಿಗಿಂತ ದೊಡ್ಡ ತೊಂದರೆ ನೋಟ್‌ಬುಕ್ಕಿನದು ಅನ್ನಿಸುತ್ತೆ. ಒಂದು ಇಂಗ್ಲಿಷ್ ಪದ, ಎದುರಿಗೆ ಒಂದು ಕನ್ನಡ ಪದ, ಅಷ್ಟೇ ಬರೆದಿರುತ್ತೀರಿ, ಅಲ್ವಾ? ‘ಆಬ್‌ಸ್ಟಿನೇಟ್’ ಎದುರಿಗೂ ಹಠ, ‘ಟೆನೇಶಿಯಸ್’ ಎದುರಿಗೂ ಹಠ ಅಂತ ಬರೆದುಕೊಂಡರೆ, ಎರಡೂ ಒಟ್ಟಿಗೆ ಆಯ್ಕೆಗಳಲ್ಲಿ ಬಂದ ದಿನ ಕೆಟ್ಟಿರಿ. ಮೊದಲನೆಯದು ಬೈಯುವಾಗ ಹೇಳುವ ಹಠ, ಎಷ್ಟು ಹೇಳಿದರೂ ಕೇಳದವನದು. ಎರಡನೆಯದು ಹಿಡಿದ ಕೆಲಸ ಬಿಡದವನ ಛಲ. (ದುರ್ಯೋಧನನಿಗೆ ಎರಡೂ ಒಪ್ಪುತ್ತೆ, ಆ ಮಾತು ಬೇರೆ.)

ನಮಗೆ ಗೊತ್ತಿರುವ ಪದಗಳೇ ಕೈ ಕೊಡುವುದೂ ಉಂಟು. ‘ಲೋನ್ ಸ್ಯಾಂಕ್ಷನ್ ಆಯ್ತು’ ಅಂದರೆ ಮಂಜೂರಾಯಿತು. ಅದೇ ಒಂದು ದೇಶದ ಮೇಲೆ ಇನ್ನೊಂದು ದೇಶ ‘ಸ್ಯಾಂಕ್ಷನ್ಸ್’ ಹಾಕಿತು ಅಂದರೆ ನಿರ್ಬಂಧ. ಪೂರ್ತಿ ಉಲ್ಟಾ! ಎನ್‌ಡಿಎಯಲ್ಲಿ ಎಷ್ಟೋ ಸಲ ಪದವನ್ನು ವಾಕ್ಯದೊಳಗಿಟ್ಟು, ಅಡಿಗೆರೆ ಹಾಕಿ ಅರ್ಥ ಕೇಳುತ್ತಾರೆ. ಹಾಗಾಗಿ ಪದದ ಜೊತೆ ಅದು ಸಿಕ್ಕ ವಾಕ್ಯವನ್ನೂ ಬರೆದುಕೊಳ್ಳಿ. ಇಂಗ್ಲಿಷ್ ಪತ್ರಿಕೆಯ ಒಂದೇ ಒಂದು ಸಂಪಾದಕೀಯ ಓದಿ ಎಂಟು ಪದ ಆರಿಸಿ, ನಾಲ್ಕು ದಿನ ಬಿಟ್ಟು ಕನ್ನಡ ಅರ್ಥ ಮುಚ್ಚಿಕೊಂಡು ಬರೀ ವಾಕ್ಯ ನೋಡಿ ಹೇಳಿ.

ಇನ್ನು ಲೆಕ್ಕ. 600 ಅಂಕದ ಜನರಲ್ ಎಬಿಲಿಟಿ ಪತ್ರಿಕೆಯಲ್ಲಿ ಇಂಗ್ಲಿಷಿಗೆ 200. ಸರಿಯಾದರೆ 4, ತಪ್ಪಾದರೆ 1.33 ಕಡಿತ. ಸುಮ್ನೆ ಕಣ್ಣುಮುಚ್ಚಿ ನಾಲ್ಕು ಪ್ರಶ್ನೆಗೆ ಗುರುತು ಹಾಕಿ ಒಂದು ಸರಿ ಬಂತು ಅಂದುಕೊಳ್ಳಿ, ಸಿಕ್ಕ 4 ಉಳಿದ ಮೂರು ತಪ್ಪಿಗೇ ಹೋಗುತ್ತೆ. ಲಾಭ ಸೊನ್ನೆ. ಆದರೆ ವಾಕ್ಯ ನೋಡಿ ಎರಡು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಾದರೆ, ಉಳಿದೆರಡರಲ್ಲಿ ಒಂದನ್ನು ಧೈರ್ಯವಾಗಿ ಆರಿಸಿ.

ಹಾಂ, ವಿರುದ್ಧ ಪದ ಕೇಳಿದ ಕಡೆ ಅದೇ ಅರ್ಥದ ಪದವೂ ಪಕ್ಕದಲ್ಲೇ ಕೂತಿರುತ್ತೆ. ಗಡಿಬಿಡಿಯಲ್ಲಿ ಅದಕ್ಕೇ ಗುರುತು ಹಾಕಿ ಬರಬೇಡಿ.