ವೀರಭದ್ರನ ಕೋಪಕ್ಕೂ ಲೆಕ್ಕವಿದೆ

ಪ್ರಿಯ ಲೇಖಕರೇ,

ನಿಮ್ಮ ‘ರುದ್ರಾವೇಶ’ ಲೇಖನ ತಲುಪಿತು, ಎರಡು ಸಲ ಓದಿದೆ. ಮದುವೆಗೆ ಮುಂಚೆ ನಿಮ್ಮೂರಲ್ಲಿ ಹೊರಟ ಗುಗ್ಗಳ, ಅಂದರೆ ವೀರಭದ್ರನ ಹೆಸರಿನ ಬೆಂಕಿಯ ಕೊಡದ ಮೆರವಣಿಗೆ, ಅದರ ಮುಂದೆ ಒಡಪು (ವೀರಭದ್ರನ ಕಥೆ ಹೇಳುವ ಮಾತು) ಹೇಳುತ್ತ ಸಾಗಿದ ಪುರವಂತರು, ಅಂದರೆ ವೀರಭದ್ರನ ವೇಷದ ಕುಣಿತದವರು, ನಡುವೆ ಶಿವನನ್ನು ಅವಮಾನಿಸಿದ ಮಾವ ದಕ್ಷನ ಯಜ್ಞವನ್ನು ವೀರಭದ್ರ ಕೆಡಿಸಿದ ಕಥೆ. ವಸ್ತು ಒಳ್ಳೆಯದು. ಗುಗ್ಗಳದ ಕೊಡ ಹೊತ್ತ ಸೋದರಮಾವ ತಲೆಮೇಲಿನ ಸಿಂಬಿಗೆ ಮತ್ತೆ ಮತ್ತೆ ನೀರು ಹಾಕಿಸಿಕೊಳ್ಳುತ್ತಿದ್ದರು ಎಂಬ ವಾಕ್ಯ ನಿಜವಾಗಿ ಕಂಡವರು ಮಾತ್ರ ಬರೆಯುವಂಥದ್ದು. ಭಾಷೆ ಸರಾಗವಾಗಿದೆ. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಕಾರಣ ಹೇಳದೆ ಲೇಖನ ಹಿಂದಿರುಗಿಸಲು ಮನಸ್ಸಾಗಲಿಲ್ಲ. ಆ ಒಂದು ಪುಟದ ಬಗ್ಗೆಯಷ್ಟೇ ಬರೆಯುತ್ತೇನೆ.

ನಿಮ್ಮ ವಾಕ್ಯ ಹೀಗಿದೆ: ‘ಶಿವನ ಜಟೆಯಿಂದ ಸಿಡಿದೆದ್ದ ವೀರಭದ್ರ ಕೋಪದಲ್ಲಿ ಕುರುಡಾಗಿ, ಎದುರು ಸಿಕ್ಕ ದೇವತೆಗಳನ್ನೆಲ್ಲ ಕೊಚ್ಚಿಹಾಕುತ್ತ, ಒಂದೇ ಏಟಿಗೆ ದಕ್ಷನ ರುಂಡ ಹಾರಿಸಿದ.’

ಜಟೆಯಿಂದ ಹುಟ್ಟಿದ್ದು ಸರಿ. ಮಹಾಭಾರತದ ಶಾಂತಿಪರ್ವದಲ್ಲಿ ಶಿವನ ಬಾಯಿಂದ ಹುಟ್ಟುತ್ತಾನೆ, ಭಾಗವತದಲ್ಲಿ ಜಟೆಯಿಂದ. ನೀವು ಭಾಗವತದ ದಾರಿ ಹಿಡಿದಿದ್ದೀರಿ. ಹಾಗಿದ್ದರೆ ಅದರ ನಾಲ್ಕನೇ ಸ್ಕಂಧದ ಐದನೇ ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಂಡು ನಿಮ್ಮ ವಾಕ್ಯದ ಮುಂದಿನ ಮೂರು ತುಂಡುಗಳನ್ನು ನೋಡಿ.

‘ಕೋಪದಲ್ಲಿ ಕುರುಡಾಗಿ.’ ಅಲ್ಲಿ ಯಾರೂ ಕುರುಡಾಗಿ ನುಗ್ಗುವುದಿಲ್ಲ. ಯಾರು ಯಾರನ್ನು ಹಿಡಿಯಬೇಕೆಂಬುದು ಮೊದಲೇ ಹಂಚಿಹೋದಂತಿದೆ. ಶಿವನ ಗಣದವರಲ್ಲಿ ಮಣಿಮಂತ ಭೃಗು ಋಷಿಯನ್ನು ಕಟ್ಟುತ್ತಾನೆ, ಚಂಡೇಶ ಪೂಷನನ್ನು ಹಿಡಿಯುತ್ತಾನೆ, ನಂದೀಶ್ವರ ಭಗನನ್ನು, ವೀರಭದ್ರ ದಕ್ಷನನ್ನು.

‘ಎದುರು ಸಿಕ್ಕ ದೇವತೆಗಳನ್ನೆಲ್ಲ ಕೊಚ್ಚಿಹಾಕುತ್ತ.’ ನನಗೆ ಹೆಚ್ಚು ನೋವಾದದ್ದು ಇಲ್ಲಿ. ಭೃಗುವಿಗೆ ಕಿತ್ತದ್ದು ಗಡ್ಡಮೀಸೆ, ಯಾಕೆಂದರೆ ತುಂಬಿದ ಸಭೆಯಲ್ಲಿ ಅವನು ಮೀಸೆ ತೋರಿಸಿ ನಕ್ಕಿದ್ದ. ಭಗನಿಗೆ ಹೋದದ್ದು ಕಣ್ಣು. ದಕ್ಷ ಶಿವನನ್ನು ಶಪಿಸುತ್ತಿದ್ದಾಗ ಅವನು ಕಣ್ಸನ್ನೆ ಮಾಡಿ ಹುರಿದುಂಬಿಸಿದ್ದ. ಪೂಷನಿಗೆ ಉದುರಿದ್ದು ಹಲ್ಲು, ಹಲ್ಲು ಕಿರಿದು ನಕ್ಕಿದ್ದಕ್ಕೆ. ಯಾವ ಅಂಗ ತಪ್ಪು ಮಾಡಿತ್ತೋ ಆ ಅಂಗಕ್ಕೇ ಶಿಕ್ಷೆ, ಒಂದು ಬೆರಳಗಲ ಆಚೆಗಿಲ್ಲ ಈಚೆಗಿಲ್ಲ. ‘ಕೊಚ್ಚಿಹಾಕುತ್ತ’ ಎಂದು ನೀವು ಬರೆದ ಕ್ಷಣ ಈ ಲೆಕ್ಕವೆಲ್ಲ ಅಳಿಸಿಹೋಯಿತು. ಉಳಿದದ್ದು ಯಾವ ಸಿನಿಮಾದಲ್ಲೂ ಸಿಗುವ ಹೊಡೆದಾಟ.

‘ಒಂದೇ ಏಟಿಗೆ.’ ಇಲ್ಲ. ವೀರಭದ್ರ ದಕ್ಷನ ಎದೆಯ ಮೇಲೆ ಕೂತು ಹರಿತವಾದ ಆಯುಧದಿಂದ ಕೊಯ್ಯುತ್ತಾನೆ, ಚರ್ಮವೂ ಹರಿಯುವುದಿಲ್ಲ. ಶಸ್ತ್ರ ಆಯಿತು, ಅಸ್ತ್ರ ಆಯಿತು, ಯಾವುದೂ ನಾಟಲಿಲ್ಲ. ಆಗ ಅವನು ಬೆರಗಾಗಿ ‘ಬಹಳ ಹೊತ್ತು ಯೋಚಿಸಿದ’ ಎನ್ನುತ್ತದೆ ಭಾಗವತ. ಯೋಚಿಸಿದ! ಉಗ್ರ ದೇವರೊಬ್ಬ ಕೋಪದ ತುತ್ತತುದಿಯಲ್ಲಿ ಕೈ ತಡೆದು ಯೋಚಿಸುತ್ತಾನೆ. ಆಮೇಲೆ ಅವನ ಕಣ್ಣಿಗೆ ಬೀಳುವುದು ಯಜ್ಞದ ಪಶುವನ್ನು ಕೊಲ್ಲಲು ಅಲ್ಲೇ ಮಾಡಿಟ್ಟಿದ್ದ ಏರ್ಪಾಡು. ಅದೇ ವಿಧಾನದಿಂದ ತಲೆ ತೆಗೆದು ಯಜ್ಞದ ದಕ್ಷಿಣ ದಿಕ್ಕಿನ ಬೆಂಕಿಯಾದ ದಕ್ಷಿಣಾಗ್ನಿಗೆ ಹಾಕುತ್ತಾನೆ. ಯಜ್ಞ ಮಾಡಿಸುವ ಯಜಮಾನನೇ ಯಜ್ಞಪಶುವಾದ. ತಲೆ ಬೆಂಕಿಗೆ ಬಿದ್ದು ಸುಟ್ಟುಹೋಗಿತ್ತು, ಆದ್ದರಿಂದಲೇ ಬೇರೆ ತಲೆ ಇಡಬೇಕಾಯಿತು. ನಿಮ್ಮ ಲೇಖನದಲ್ಲಿ ರುಂಡ ‘ಹಾರಿ’ ಎಲ್ಲೋ ಬೀಳುತ್ತದೆ, ನಾಲ್ಕು ಸಾಲಿನ ನಂತರ ದಕ್ಷನಿಗೆ ಆಡಿನ ತಲೆ ಬರುತ್ತದೆ. ಅವನ ತಲೆಯನ್ನೇ ಹುಡುಕಿ ತಂದು ಯಾಕೆ ಜೋಡಿಸಲಿಲ್ಲ ಎಂದು ಓದುಗ ಕೇಳಿದರೆ ನಿಮ್ಮಲ್ಲಿ ಉತ್ತರವಿಲ್ಲ.

ಶಿವ ಶಾಂತನಾದ ಮೇಲಿನ ಪರಿಹಾರಕ್ಕೂ ಇದೇ ಅಳತೆ. ಭಗ ಇನ್ನು ಮಿತ್ರನೆಂಬ ದೇವತೆಯ ಕಣ್ಣಿನಿಂದ ನೋಡಬೇಕು. ಪೂಷ ಯಜಮಾನನ ಹಲ್ಲಿನಿಂದ ತಿನ್ನಬೇಕು, ಅವನ ಪಾಲು ಹಿಟ್ಟು. ಶತಪಥ ಬ್ರಾಹ್ಮಣದಲ್ಲೂ ಪೂಷ ಹಲ್ಲಿಲ್ಲದವನೇ. ಭೃಗುವಿಗೆ ಹೋತನ ಗಡ್ಡ. ಇದೇ ಕಥೆಗೆ ರಾಘವಾಂಕ ‘ವೀರೇಶ ಚರಿತೆ’ಯಲ್ಲಿ ಉದ್ದಂಡ ಷಟ್ಪದಿಯನ್ನು ಆರಿಸಿಕೊಂಡ. ಕೋಪದ ಕಥೆಯನ್ನು ಛಂದಸ್ಸಿನ ಕಟ್ಟಿನೊಳಗೇ ಹೇಳಿದ.

ಅದೇ ಪುಟದಲ್ಲಿ ‘ಕಾಲಡಿಯಲ್ಲಿ ದಕ್ಷನ ಕಡಿದ ರುಂಡ’ ಎಂದು ಮೂರ್ತಿಯನ್ನು ಬಣ್ಣಿಸಿದ್ದೀರಿ. ಗುಡಿಗೆ ಮತ್ತೊಮ್ಮೆ ಹೋಗಿ ನೋಡಿ. ವೀರಭದ್ರನ ನಾಲ್ಕು ಕೈಗಳಲ್ಲಿ ಸಾಮಾನ್ಯವಾಗಿ ಖಡ್ಗ, ಗುರಾಣಿ, ಬಿಲ್ಲು, ಬಾಣ. ಹಂಪಿಯ ಉದ್ದಾನ ವೀರಭದ್ರನ ಕೈಗಳಲ್ಲೂ ಅವೇ ಇವೆ. ಪಕ್ಕದಲ್ಲಿ ಚಿಕ್ಕದಾಗಿ ಕೈಮುಗಿದು ನಿಂತವನು ದಕ್ಷ, ಹೆಗಲ ಮೇಲೆ ಆಡಿನದೋ ಟಗರಿನದೋ ತಲೆ. ಅಂದರೆ ಶಿಲ್ಪಿ ಕೆತ್ತಿದ್ದು ತಲೆ ಕಡಿದ ಗಳಿಗೆಯನ್ನಲ್ಲ. ಕ್ಷಮೆ ಸಿಕ್ಕು, ಹೊಸ ತಲೆ ಬಂದು, ದಕ್ಷ ಎದ್ದು ಕೈಮುಗಿದ ನಂತರದ ಗಳಿಗೆಯನ್ನು. ಪುರವಂತರು ಕಟ್ಟಿಕೊಳ್ಳುವ ವೀರಭದ್ರನ ಲೋಹದ ಹಲಗೆಯಲ್ಲೂ ಈ ಕೈಮುಗಿದ ಪುಟ್ಟ ದಕ್ಷನನ್ನು ಹುಡುಕಿ. ಜನ ನೂರಾರು ವರ್ಷ ಪೂಜಿಸಿದ್ದು ಆ ರೂಪವನ್ನು.

ಇನ್ನು ಶಸ್ತ್ರದ, ಅಂದರೆ ಪುರವಂತರು ಕೆನ್ನೆಗೆ ಹಾಯಿಸಿಕೊಳ್ಳುವ ಲೋಹದ ಸಲಾಕೆಯ, ಸಾಲುಗಳು. ‘ಆವೇಶ ತಡೆಯಲಾರದೆ ಪುರವಂತ ಮೈಮರೆತು ಕೆನ್ನೆಗೆ ಶಸ್ತ್ರ ಚುಚ್ಚಿಕೊಂಡ. ನೆತ್ತರು ಕೋಡಿಯಾಗಿ ಹರಿಯಿತು. ಆ ಭಯಾನಕ, ರೌದ್ರ, ರೋಮಾಂಚಕಾರಿ ದೃಶ್ಯ ಕಂಡು ಜನ ದಂಗಾದರು.’

ಮೈಮರೆತವನಿಗೆ ಶಸ್ತ್ರ ಹಾಕಿಕೊಳ್ಳಲು ಬರುವುದಿಲ್ಲ. ಮೊದಲು ಒಡಪು ಮುಗಿಯಬೇಕು. ಒಡಪು ಹೇಳುವಾಗ ವಾದ್ಯ ನಿಂತಿರುತ್ತದೆ, ಮುಗಿದ ಮೇಲೆ ಕರಡಿ, ಸಂಬಾಳ ಎಂಬ ಚರ್ಮವಾದ್ಯಗಳ ಸದ್ದು ಏರುತ್ತದೆ. ಶಸ್ತ್ರವನ್ನು ಒರೆಸಿ, ವಿಭೂತಿ ಸವರಿ, ಕೆನ್ನೆಯ ಮೇಲೂ ವಿಭೂತಿ ಹಚ್ಚುತ್ತಾರೆ. ಬಾಯಿ ತೆರೆದು, ಒಳಗಿನಿಂದ ಬೆರಳಲ್ಲಿ ಕೆನ್ನೆಯನ್ನು ಹೊರಕ್ಕೆ ಹಿಗ್ಗಿಸಿ ಹಿಡಿಯಬೇಕು, ಇಲ್ಲದಿದ್ದರೆ ಮೊನೆ ಒಸಡಿಗೋ ಹಲ್ಲಿಗೋ ತಾಗುತ್ತದೆ. ಮೊನೆ ನೇರ ಹೋಗಬೇಕು, ಒಳಗೆ ಹೊಕ್ಕ ಮೇಲೆ ಓರೆ ಮಾಡಿದರೆ ತೂತು ಹರಿದು ಸೀಳಾಗುತ್ತದೆ. ಶಸ್ತ್ರ ಉದ್ದವಾದಷ್ಟೂ ಅದರ ಭಾರ ಕೆನ್ನೆಯನ್ನು ಜಗ್ಗುತ್ತದೆ, ಆದ್ದರಿಂದ ತುದಿಗೆ ಒಂದು ಕೈಯ ಆಸರೆ ಬೇಕು. ತೆಗೆಯುವಾಗಲೂ ಹೋದ ದಾರಿಯಲ್ಲೇ ತೆಗೆದು, ತಕ್ಷಣ ವಿಭೂತಿ ಇಟ್ಟು ಹೆಬ್ಬೆರಳಲ್ಲಿ ಒತ್ತುತ್ತಾರೆ. ಕೆನ್ನೆಯ ತೂತಿನಲ್ಲಿ ದಾರ ಹಾಯಿಸುವುದಾದರೆ ದಾರದಲ್ಲಿ ಒಂದು ಗಂಟೂ ಇರಕೂಡದು.

ಸರಿಯಾಗಿ ಹಾಕಿದರೆ ರಕ್ತ ತೀರಾ ಕಡಿಮೆ, ಯಾಕೆಂದರೆ ಶಸ್ತ್ರ ಒಳಗಿರುವಷ್ಟು ಹೊತ್ತು ಅದೇ ಗಾಯದ ಬಾಯಿಗೆ ಬಿರಡೆಯಾಗಿರುತ್ತದೆ. ನೆತ್ತರು ಹರಿಯಿತೆಂದರೆ ಏನೋ ತಪ್ಪಿದೆ: ಮೊನೆ ಮೊಂಡಾಗಿದೆ, ಶಸ್ತ್ರ ಬಾಗಿದೆ, ಇಲ್ಲವೇ ಕೈ ನಡುಗಿದೆ. ಒಬ್ಬ ನುರಿತ ಪುರವಂತನ ಬಗ್ಗೆ ‘ನೆತ್ತರು ಕೋಡಿಯಾಗಿ ಹರಿಯಿತು’ ಎಂದು ಬರೆದರೆ ಅವನಿಗೆ ಕೆಲಸ ಬರುವುದಿಲ್ಲ ಎಂದು ಬರೆದಂತೆ. ನೀವು ಕಂಡದ್ದು ನಿಜವಾಗಿಯೂ ಹಾಗಿದ್ದರೆ ಏನು ತಪ್ಪಿತೆಂದೂ ಬರೆಯಿರಿ. ಕಾಣದೇ ಬರೆದಿದ್ದರೆ ಹೊಡೆದುಹಾಕಿ.

‘ಭಯಾನಕ, ರೌದ್ರ, ರೋಮಾಂಚಕಾರಿ.’ ನಾನು ಈ ಕೆಲಸ ಕಲಿಯುವಾಗ ಹಿರಿಯ ಸಂಪಾದಕರೊಬ್ಬರು ಇಂಥ ಪ್ರತಿ ಪದದ ಮೇಲೂ ಕೆಂಪು ಶಾಯಿಯಲ್ಲಿ ‘ಎಷ್ಟು ಗೇಣು?’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ಜಾತ್ರೆಯ ವರದಿಯಾದರೂ ಸರಿ, ಮಳೆಯ ವರದಿಯಾದರೂ ಸರಿ, ಅದೇ ಪ್ರಶ್ನೆ. ಉತ್ತರ ಗೊತ್ತಿದ್ದಾಗ ವಿಶೇಷಣ ತಾನೇ ಬಿದ್ದುಹೋಗುತ್ತಿತ್ತು, ಗೊತ್ತಿಲ್ಲದಿದ್ದಾಗ ಮತ್ತೆ ಬಸ್ ಹತ್ತಿ ಆ ಊರಿಗೆ ಹೋಗಬೇಕಾಗುತ್ತಿತ್ತು. ನಿಮ್ಮ ಪ್ರತಿಯಲ್ಲೂ ಆ ಮೂರು ಪದಗಳ ಮೇಲೆ ಅದನ್ನೇ ಬರೆದಿದ್ದೇನೆ. ಶಸ್ತ್ರ ಎಷ್ಟು ಗೇಣಿತ್ತು? ತುದಿಯಲ್ಲಿ ಏನಿತ್ತು, ತ್ರಿಶೂಲವೋ, ಲಿಂಗವೋ, ನಿಂಬೆಹಣ್ಣೋ? ಎಡಗೆನ್ನೆಯೋ ಬಲಗೆನ್ನೆಯೋ? ಅವರು ಶಸ್ತ್ರ ಹಾಕಿಕೊಂಡು ಎಷ್ಟು ಹೆಜ್ಜೆ ನಡೆದರು?

ಆ ಪುರವಂತರು ನಿಮ್ಮ ಸೋದರಮಾವನ ಓಣಿಯವರೇ ಎಂದು ಮೊದಲ ಪುಟದಲ್ಲಿದೆ. ಹೋಗಿ ಅವರ ಹತ್ತಿರ ಕೂತುಕೊಳ್ಳಿ. ಶಸ್ತ್ರದ ಪೆಟ್ಟಿಗೆ ತೆಗೆಸಿ ನೋಡಿ, ಜಂಗು ಹಿಡಿಯದಂತೆ ಏನು ಹಚ್ಚಿಡುತ್ತಾರೆಂದು ಕೇಳಿ. ಪೂಷನ ಹಲ್ಲು ಉದುರುವ ಭಾಗ ಅವರ ಒಡಪಿನಲ್ಲಿ ಇದೆಯೇ, ಇದ್ದರೆ ಯಾವ ಮಾತಿನಲ್ಲಿದೆ ಎಂದು ಹೇಳಿಸಿ ಬರೆದುಕೊಳ್ಳಿ. ಅವರ ಮಾತು ಭಾಗವತಕ್ಕಿಂತ ಬೇರೆಯಾಗಿದ್ದರೆ ಅವರದನ್ನೇ ಬರೆಯಿರಿ, ಅವರದೆಂದು ಹೇಳಿ ಬರೆಯಿರಿ. ಎರಡನೇ ಪುಟವನ್ನಷ್ಟೇ ಹೊಸದಾಗಿ ಬರೆದು ಕಳಿಸಿ. ಸಿಂಬಿಗೆ ನೀರು ಹಾಕಿಸಿಕೊಂಡ ವಾಕ್ಯವನ್ನು ಮುಟ್ಟಬೇಡಿ.